ಕಾಣದ ಕೊಳೆಗೊಂದು ಬಣ್ಣ

‘ಕೈಯಲ್ಲಿ ಸೂಕ್ಷ್ಮಜೀವಿಗಳಿವೆ, ತೊಳೆದುಕೊ’ ಎಂದರೆ ಐದು ವರ್ಷದ ಮಗು ಅಂಗೈಯನ್ನು ತಿರುಗಿಸಿ ನೋಡಿ, ‘ಎಲ್ಲಿವೆ?’ ಎಂದು ಕೇಳುತ್ತದೆ. ಪ್ರಶ್ನೆ ನ್ಯಾಯವಾದುದೇ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಹೆರಿಗೆ ಮಾಡಿಸುವವರು ಚೆಲುವೆಪುಡಿಯ ದ್ರಾವಣದಲ್ಲಿ ಕೈತೊಳೆಯಬೇಕೆಂದು ವಿಧಿಸಿ ಬಾಣಂತಿಯರ ಮರಣವನ್ನು ಬಹುವಾಗಿ ತಗ್ಗಿಸಿದನು. ಆದರೂ ಅನೇಕ ವೈದ್ಯರು ಅವನನ್ನು ನಂಬಲಿಲ್ಲ. ಕಾರಣವನ್ನು ಕಣ್ಣಿಗೆ ತೋರಿಸಲು ಅವನಿಂದಾಗಲಿಲ್ಲ.

ಆದುದರಿಂದ ಮಗುವಿಗೆ ಕಾಣದುದನ್ನು ಕಾಣಿಸಬೇಕು. ಅರ್ಧ ಚಮಚ ಅಡಿಗೆಯೆಣ್ಣೆಯಲ್ಲಿ ಚಿಟಿಕೆ ದಾಲ್ಚಿನ್ನಿ ಪುಡಿ ಬೆರೆಸಿ ಅದರ ಕೈಗಳಿಗೆ ಸವರಿರಿ. ಅರಿಸಿನವು ಚರ್ಮಕ್ಕೇ ಬಣ್ಣ ಹಿಡಿಸುವುದರಿಂದ ಇದಕ್ಕೆ ಒಗ್ಗದು. ಮೊದಲು ಬರಿಯ ನೀರಿನಲ್ಲಿ ತೊಳೆಯಲಿ. ಪುಡಿ ಬಹುಮಟ್ಟಿಗೆ ಉಳಿಯುವುದು. ಅನಂತರ ಸಾಬೂನು ಹಚ್ಚಿ, ನಿಧಾನವಾಗಿ ಎಣಿಸುತ್ತ 20 ಸೆಕೆಂಡು ಉಜ್ಜಲಿ. ಹೆಬ್ಬೆರಳು, ಉಗುರು, ಬೆರಳಸಂದುಗಳಲ್ಲಿ ಉಳಿದುದನ್ನು ಮಗುವೇ ಹುಡುಕಿ ತೋರಿಸಲಿ.

ಸಾಬೂನಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ಜಿಡ್ಡಿಗೂ ಒಲಿಯುವುದು. ಜಿಡ್ಡು ಸಣ್ಣ ಹನಿಗಳಾಗಿ ಒಡೆದು, ತನ್ನಲ್ಲಿ ಸಿಕ್ಕಿದ ಸೂಕ್ಷ್ಮಜೀವಿಗಳೊಡನೆ ಕೊಚ್ಚಿಹೋಗುವುದು.

ಕರಿಮೆಣಸಿನ ಪುಡಿ ತೇಲುವ ನೀರಿಗೆ ಸಾಬೂನಿನ ಬೆರಳನ್ನು ಅದ್ದಿ, ಪುಡಿಯನ್ನು ಅಂಚಿಗೆ ಓಡಿಸುವ ಆಟವೂ ಉಂಟು. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಪುಡಿಯನ್ನು ಸರಿಸಿದ್ದು ನೀರಿನ ಮೇಲ್ಮೈ ಎಳೆತದಲ್ಲಾದ ವ್ಯತ್ಯಾಸ. ಸೂಕ್ಷ್ಮಜೀವಿಗಳು ಸಾಬೂನಿಗೆ ಹೆದರಿ ಓಡುವುದಿಲ್ಲ. ಹಾಗೆಂದು ನಂಬಿದ ಮಗು ಸಾಬೂನನ್ನು ಮುಟ್ಟಿ ಬಿಟ್ಟೀತು. ಉಜ್ಜಿ ತೊಳೆದರೆ ಮಾತ್ರ ಕೊಳೆ ಬಿಡುವುದೆಂದು ಕಲಿಸುವ ಆಟವೇ ಮೇಲು.