ಜಿಡ್ಡಿನೊಳಗಿನ ಗಾಳಿ: ಒಂದು ಪುಟ್ಟ ಯಂತ್ರದ ರೋಗಪರೀಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಗುರಿಯಾಟವನ್ನು ಹವ್ಯಾಸವಾಗಿ ಇಟ್ಟುಕೊಂಡವರಲ್ಲಿ ಅನೇಕರು ತಮಗೆ ಬೇಕಾದ ಸೀಸದ ಗುಂಡುಗಳನ್ನು ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುತ್ತಾರೆ. ಎರಕದಚ್ಚಿನಿಂದ ಹೊರಬಂದ ಗುಂಡು ಹಾಗೆಯೇ ಉಪಯೋಗಕ್ಕೆ ಬಾರದು. ಅದರ ವ್ಯಾಸವನ್ನು ಕೋವಿಯ ನಳಿಗೆಗೆ ಒಪ್ಪುವಂತೆ ತಿದ್ದಬೇಕು. ಅದರ ಮೈಸುತ್ತ ಬಳೆಯಂತಿರುವ ತೋಡುಗಳಲ್ಲಿ ಜಿಡ್ಡನ್ನು ತುಂಬಬೇಕು. ಜಿಡ್ಡಿಲ್ಲದ ಗುಂಡು ನಳಿಗೆಯ ಒಳಮೈಗೆ ಸೀಸವನ್ನು ಬಳಿಯುತ್ತ ಹೋಗುತ್ತದೆ. ಆಮೇಲೆ ಗುರಿ ಕೆಡುತ್ತದೆ. ಈ ಎರಡು ಕೆಲಸಗಳನ್ನೂ ಒಂದೇ ಎಳೆತದಲ್ಲಿ ಮಾಡುವ ಕೈಯಂತ್ರವೊಂದುಂಟು. 1925ರಲ್ಲಿ ಐಡಿಯಲ್ ಎಂಬ ಹಳೆಯ ಕಂಪೆನಿಯನ್ನು ಕೊಂಡುಕೊಂಡ ಕನೆಕ್ಟಿಕಟ್ಟಿನ ಲೈಮನ್ ಕಂಪೆನಿ ಇಂತಹ ಯಂತ್ರಗಳಿಗೆ ಹೆಸರಾದುದು.

ನಮ್ಮ ಓದುಗರು ಈ ಯಂತ್ರವನ್ನು ಕಣ್ಣಾರೆ ಕಾಣುವ ಸಂದರ್ಭ ಕಡಮೆ. ಆದರೆ ಮೋಟಾರು ದುರಸ್ತಿಯ ಷೆಡ್ಡಿನಲ್ಲಿ ಗ್ರೀಸ್ ಗನ್ನನ್ನು ನೋಡಿದವರಿಗೆ ಇದರ ಸ್ವಭಾವ ಹೊಸದಲ್ಲ. ಎರಡಕ್ಕೂ ಬರುವ ಕಾಯಿಲೆಗಳು ಒಂದೇ ಜಾತಿಯವು.

ಯಂತ್ರದ ರಚನೆ ಸರಳವಾದುದು. ನಡುವೆ ಉಕ್ಕಿನ ಡೈ ಒಂದಿದೆ. ಅದರ ರಂಧ್ರದ ವ್ಯಾಸವೇ ಗುಂಡಿಗೆ ಬರಬೇಕಾದ ವ್ಯಾಸ, ಉದಾಹರಣೆಗೆ 0.358 ಅಂಗುಲ, ಎಂದರೆ ಸುಮಾರು 9.09 ಮಿಲಿಮೀಟರು. ಸನ್ನೆಯನ್ನು ಕೆಳಗೆಳೆದರೆ ಮೇಲಿನ ಪಂಚು ಗುಂಡಿನ ಮೂತಿಯನ್ನು ಒತ್ತಿ ಅದನ್ನು ಡೈಯೊಳಕ್ಕೆ ಇಳಿಸುತ್ತದೆ. ಗುಂಡಿನ ಬುಡವನ್ನು ಕೆಳಗಿನ ಪಂಚು ಆತುಕೊಂಡಿರುತ್ತದೆ; ಸನ್ನೆಯನ್ನು ಎತ್ತಿದಾಗ ಗುಂಡನ್ನು ಮೇಲಕ್ಕೆ ತಳ್ಳುವುದೂ ಅದೇ. ಡೈಯ ಗೋಡೆಯಲ್ಲಿ ಸುತ್ತಲೂ ಸಣ್ಣ ತೂತುಗಳಿವೆ. ಪಕ್ಕದ ಕೋಶದಲ್ಲಿ ಜೇನುಮೇಣ ಮತ್ತು ಗ್ರೀಸುಗಳನ್ನು ಬೆರೆಸಿದ ಜಿಡ್ಡಿದೆ. ಕೋಶದ ತಿರುಪನ್ನು ತಿರುಗಿಸಿದರೆ ನಟ್ಟೊಂದು ಕೆಳಗಿಳಿದು ಜಿಡ್ಡನ್ನು ಅದುಮುತ್ತದೆ. ಅದು ತೂತುಗಳ ಮೂಲಕ ಗುಂಡಿನ ತೋಡಿಗೆ ನುಗ್ಗುತ್ತದೆ.

ದ್ರವದ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ನಿಯಮವನ್ನು ಶಾಲೆಯಲ್ಲಿಯೇ ಕಲಿತಿದ್ದೇವೆ. ಹಾಗಿದ್ದರೆ ಗುಂಡಿನ ತೋಡು ಒಂದು ಬದಿ ತುಂಬಿ, ಇನ್ನೊಂದು ಬದಿ ಬರಿದಾಗಿರುವುದು ಹೇಗೆ? ಇಲ್ಲಿಯೇ ವಿಷಯದ ತಿರುಳಿರುವುದು. ಜಿಡ್ಡು ನೀರಿನಂತಹ ದ್ರವವಲ್ಲ. ನೀರು ಎಷ್ಟು ಸಣ್ಣ ಬಲಕ್ಕೂ ಹರಿಯುತ್ತದೆ. ಜಿಡ್ಡಾದರೋ ಒಂದು ಮಿತಿಯವರೆಗೆ ಘನವಸ್ತುವಿನಂತೆ ಹಟಮಾಡಿ ನಿಂತು, ಆ ಮಿತಿ ದಾಟಿದ ಮೇಲೆಯೇ ಹರಿಯಲಾರಂಭಿಸುತ್ತದೆ. ಇಂತಹ ವಸ್ತುಗಳನ್ನು ಕುರಿತು ಅಮೆರಿಕದ ಬಿಂಗ್‌ಹ್ಯಾಮ್ ಎಂಬ ರಸಾಯನಶಾಸ್ತ್ರಜ್ಞ 1922ರಲ್ಲಿ ಒಂದು ಗ್ರಂಥವನ್ನೇ ಬರೆದ. ದಾರಿ ಉದ್ದವಾದಷ್ಟೂ, ತೂತು ಕಿರಿದಾದಷ್ಟೂ ಜಿಡ್ಡನ್ನು ಕದಲಿಸಲು ಹೆಚ್ಚು ಒತ್ತಡ ಬೇಕು. ಆದುದರಿಂದ ಕೋಶಕ್ಕೆ ಹತ್ತಿರದ ತೂತಿನಲ್ಲಿರುವ ಒತ್ತಡ ದೂರದ ತೂತನ್ನು ಮುಟ್ಟುವ ವೇಳೆಗೆ ಕುಗ್ಗಿರುತ್ತದೆ. ಚಳಿಗಾಲದ ಮುಂಜಾನೆ ಜಿಡ್ಡು ಗಟ್ಟಿಯಾಗಿ ಈ ಮಿತಿ ಏರುವುದರಿಂದ ತೊಂದರೆ ಹೆಚ್ಚು. ಯಂತ್ರದ ಪೀಠವನ್ನು ಹಿತವಾಗಿ ಬೆಚ್ಚಗೆ ಮಾಡುವುದೇ ಇದಕ್ಕೆ ಮದ್ದು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅಷ್ಟರವರೆಗೆ ಹೋಗಬೇಕಾದುದಿಲ್ಲ, ಮೆತ್ತಗಾದರೆ ಸಾಕು.

ಆದರೆ ಬರಿದಾದ ಬದಿಗೆ ಚಳಿಯೇ ಕಾರಣವೆಂದು ತೀರ್ಮಾನಿಸುವುದು ಹೇಗೆ? ತೂತು ಮುಚ್ಚಿಕೊಂಡಿರಬಹುದು, ಗುಂಡಿನ ತೋಡೇ ಎರಕದಲ್ಲಿ ಕೆಟ್ಟಿರಬಹುದು. ಗುಂಡಿನ ಮೇಲೆ ಒಂದು ಗುರುತು ಹಾಕಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಡೈಗೆ ಇಳಿಸಿ ನೋಡಬೇಕು. ಖಾಲಿ ಜಾಗ ಈಗ ತುಂಬಿ ಬಂದರೆ ದೋಷ ಯಂತ್ರದಲ್ಲಿದೆ. ತುಂಬದೆ ಹಾಗೆಯೇ ಉಳಿದರೆ ದೋಷ ಗುಂಡಿನದು. ಯಂತ್ರದ್ದಾದರೆ ಅದನ್ನು ಬೆಚ್ಚಗೆ ಮಾಡಿ ನೋಡುವುದು. ಅದಕ್ಕೂ ಬಗ್ಗದಿದ್ದರೆ ಡೈಯನ್ನು ಕಳಚಿ ತೂತು ಶುಚಿಮಾಡುವುದು. ಗುಂಡಿನ ಒಂದು ಮಗ್ಗುಲು ಮಾತ್ರ ಕೆತ್ತಿಹೋಗುತ್ತಿದ್ದರೆ ಮೇಲಿನ ಪಂಚು ಮೂತಿಗೆ ಸರಿಯಾಗಿ ಒಪ್ಪದೆ ಗುಂಡು ಓರೆಯಾಗಿ ಇಳಿಯುತ್ತಿದೆಯೇ ಎಂದು ಮೊದಲು ನೋಡಬೇಕು. ಹವ್ಯಾಸಿಗಳಲ್ಲಿ ಹಲವರಿಗೆ ಇಂತಹ ಪರೀಕ್ಷೆಗಿಂತ ತಿರುಪಿನ ಮೇಲೆಯೇ ವಿಶ್ವಾಸ. ಏನು ಕೆಟ್ಟರೂ ಇನ್ನೊಂದು ಸುತ್ತು!

ಇನ್ನು ಎಲ್ಲಕ್ಕಿಂತ ವಿಚಿತ್ರವಾದ ಕಾಯಿಲೆ. ಒಂದು ಗುಂಡು ಬರಿದಾಗಿ ಬರುತ್ತದೆ, ಮುಂದಿನದು ಜಿಡ್ಡಿನಲ್ಲಿ ಮಿಂದು ಬರುತ್ತದೆ. ತಿರುಪನ್ನು ಮುಟ್ಟದಿದ್ದರೂ ಜಿಡ್ಡು ಒಸರುತ್ತಲೇ ಇರುತ್ತದೆ. ಜಿಡ್ಡಿನೊಳಗೆ ಗಾಳಿ ಸಿಕ್ಕಿಕೊಂಡಿದೆಯೆಂಬುದಕ್ಕೆ ಇದೇ ಗುರುತು. ಲೆಕ್ಕ ಹಾಕಿ ನೋಡೋಣ. ತೋಡಿನ ಅಗಲ 2 ಮಿಲಿಮೀಟರು, ಆಳ ಅರ್ಧ ಮಿಲಿಮೀಟರು ಎಂದಿಟ್ಟುಕೊಂಡರೆ 9 ಮಿಲಿಮೀಟರಿನ ಗುಂಡಿಗೆ ಬೇಕಾದ ಜಿಡ್ಡು ಸುಮಾರು 27 ಘನ ಮಿಲಿಮೀಟರು. ಕೋಶದಲ್ಲಿ 2 ಘನ ಸೆಂಟಿಮೀಟರು ಗಾಳಿ ಸೇರಿತೆನ್ನೋಣ. 20 ವಾಯುಮಂಡಲಗಳ ಒತ್ತಡದಲ್ಲಿ ಬಾಯ್ಲನ ನಿಯಮದಂತೆ ಅದು 0.1 ಘನ ಸೆಂಟಿಮೀಟರಿಗೆ ಕುಗ್ಗುತ್ತದೆ; ಒತ್ತಡ 10ಕ್ಕೆ ಇಳಿದರೆ 0.2ಕ್ಕೆ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ 100 ಘನ ಮಿಲಿಮೀಟರು ಜಿಡ್ಡನ್ನು, ಎಂದರೆ ಮೂರು ನಾಲ್ಕು ಗುಂಡುಗಳಿಗೆ ಸಾಲುವಷ್ಟನ್ನು, ತಾನಾಗಿಯೇ ಹೊರತಳ್ಳುತ್ತದೆ. ಗಾಳಿಯಿಲ್ಲದ ಜಿಡ್ಡು ಬಹುಮಟ್ಟಿಗೆ ಕುಗ್ಗದ ವಸ್ತು. ಸ್ವಲ್ಪ ಹೊರಹೋದೊಡನೆ ಅದರ ಒತ್ತಡ ಬಿದ್ದುಹೋಗುತ್ತದೆ.

ಹಾಗಾದರೆ ಗಾಳಿಯಿಂದ ಉಪಕಾರವೇ ಆಯಿತಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಒತ್ತಡ ಬೀಳದಿರಲೆಂದು ಕೆಲವು ಯಂತ್ರಗಳಲ್ಲಿ ಬೇಕೆಂದೇ ಸ್ಪ್ರಿಂಗನ್ನು ಇಡುವುದುಂಟು. ಆದರೆ ಸ್ಪ್ರಿಂಗು ಇಟ್ಟಲ್ಲಿಯೇ ಇರುತ್ತದೆ. ಗಾಳಿಗುಳ್ಳೆಯು ಜಿಡ್ಡಿನೊಡನೆ ಸಾಗಿ ತೂತಿಗೆ ಬರುತ್ತದೆ. ಆ ಗಳಿಗೆಯಲ್ಲಿ ಡೈಯೊಳಗಿದ್ದ ಗುಂಡಿಗೆ ಸಿಕ್ಕುವುದು ಜಿಡ್ಡಲ್ಲ, ಗಾಳಿ.

ಎರಡು ಪಿಚಕಾರಿಗಳಿಂದ (ಔಷಧದಂಗಡಿಯ ಸೂಜಿಯಿಲ್ಲದ ಸಿರಿಂಜುಗಳು ಸಾಕು) ಇದನ್ನು ಮನೆಯಲ್ಲಿಯೇ ನೋಡಬಹುದು. ಎರಡರಲ್ಲಿಯೂ ವ್ಯಾಸಲೀನ್ ತುಂಬಿ, ಒಂದರಲ್ಲಿ ಮಾತ್ರ ಗಾಳಿ ಬಿಟ್ಟು, ಒತ್ತಿ, ಹಿಡಿಯನ್ನು ಅದೇ ಜಾಗದಲ್ಲಿ ತಡೆದು ಹಿಡಿಯಿರಿ. ಗಾಳಿಯಿಲ್ಲದುದು ಬೇಗ ನಿಲ್ಲುತ್ತದೆ. ಇನ್ನೊಂದು ಹುಳುವಿನಂತೆ ಹೊರಬರುತ್ತಲೇ ಇರುತ್ತದೆ.

ಜಿಡ್ಡು ಎಲ್ಲಿ ಬೇಡವೋ ಅಲ್ಲಿ ಕಾಣಿಸಿಕೊಂಡರೆ ಅದನ್ನು ಒರೆಸಿ ಸುಮ್ಮನಾಗುವಂತಿಲ್ಲ. ಬುಡಕ್ಕೆ ಹತ್ತಿದ ಜಿಡ್ಡು ಮದ್ದಿಗೆ ಸೋಕಿ ಅದನ್ನು ಕೆಡಿಸಬಹುದು. ಒತ್ತಡ ಮಿತಿಮೀರಿದಾಗ, ಇಲ್ಲವೆ ಕೆಳಗಿನ ಪಂಚು ಬುಡಕ್ಕೆ ಆತುಕೊಳ್ಳದೆ ಎಡೆ ಬಿಟ್ಟಾಗ, ಹೀಗಾಗುತ್ತದೆ. ಮೂತಿಗೆ ಹತ್ತಿದರೆ ಗುಂಡು ಬೇಕಾದುದಕ್ಕಿಂತ ಆಳಕ್ಕೆ ಇಳಿದಿದೆಯೆಂದರ್ಥ. ಆಳವನ್ನು ಗೊತ್ತುಮಾಡುವ ತಿರುಪು ಯಂತ್ರದ ಬುಡದಲ್ಲಿದೆ. ಮೂತಿಯ ಜಿಡ್ಡಿನ ಅಪಾಯ ಮುಂದೆ ಬರುತ್ತದೆ. ಗುಂಡನ್ನು ತೋಟೆಯಲ್ಲಿ ಕೂರಿಸುವ ಉಪಕರಣದಲ್ಲಿ ಅದು ಪದರಪದರವಾಗಿ ಸೇರಿ, ಗುಂಡುಗಳನ್ನು ಕ್ರಮೇಣ ಆಳಕ್ಕೆ ತಳ್ಳುತ್ತದೆ. ಪಿಸ್ತೂಲಿನ ಚಿಕ್ಕ ತೋಟೆಯಲ್ಲಿ ಮದ್ದಿನ ಜಾಗ ಸ್ವಲ್ಪ ಕಡಮೆಯಾದರೂ ಹಾರುವಾಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರಬಲ್ಲುದು. ಸೀಸ ವಿಷವಾದುದರಿಂದ ಈ ಕೆಲಸದ ನಡುವೆ ತಿನ್ನುವುದೂ ಕುಡಿಯುವುದೂ ಸಲ್ಲದು.

ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸುವುದು ಹೇಗೆ? ನೀರಿನಲ್ಲಿ ಗುಳ್ಳೆ ತಾನೇ ಮೇಲೇಳುತ್ತದೆ. ತಣ್ಣನೆಯ ಜಿಡ್ಡಿನಲ್ಲಿಯಾದರೋ ಗುಳ್ಳೆಯ ತೇಲುವ ಬಲ ಆ ಹಟದ ಮಿತಿಯನ್ನು ದಾಟಲಾರದು. ಅದು ತಿಂಗಳುಗಟ್ಟಲೆ ಅಲ್ಲಿಯೇ ಕುಳಿತಿರುತ್ತದೆ. ಕೋಶದ ನಟ್ಟನ್ನು ತೆಗೆದು, ಜಿಡ್ಡು ಮೆತ್ತಗಾಗುವವರೆಗೆ ಬೆಚ್ಚಗೆ ಮಾಡಿ, ಕಡ್ಡಿಯಿಂದ ಅದುಮಿ ಎಡೆಗಳನ್ನು ಮುಚ್ಚಿ, ಆಮೇಲೆ ನಟ್ಟನ್ನು ಇಳಿಸಬೇಕು. ನಮ್ಮ ಷೆಡ್ಡುಗಳ ಮೆಕ್ಯಾನಿಕ್ಕುಗಳು ಗ್ರೀಸ್ ಗನ್ನಿನ ತಲೆಯನ್ನು ಒಂದು ಸುತ್ತು ಸಡಿಲಿಸಿ, ಹಿಂದಿನಿಂದ ಒತ್ತಿ, ಪುಸ್ಸೆಂದು ಗಾಳಿ ಹೋಗಿ ಗ್ರೀಸು ಇಣುಕಿದೊಡನೆ ಬಿಗಿಮಾಡುತ್ತಾರೆ.