ವರದಿ ಒತ್ತಿದರೆ ಪರದೆ ಬಿಳಿಚಿಕೊಳ್ಳುತ್ತದೆ

*ಸಗಟು ದಿನಸಿ ಅಂಗಡಿಗೆ ಸಿ ಶಾರ್ಪ್, ವಿನ್‌ಫಾರ್ಮ್ಸ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದಿದ್ದೇನೆ. ತಿಂಗಳ ವರದಿ ತೆಗೆದಾಗ ‘ನಾಟ್ ರೆಸ್ಪಾಂಡಿಂಗ್’ ಬರುತ್ತದೆ. ಬೇರೆ ಥ್ರೆಡ್‌ಗೆ ಹಾಕಿದರೆ ಕ್ರಾಸ್-ಥ್ರೆಡ್ ಎರರ್. ಏನು ಮಾಡಲಿ?*

ಕ್ಲಿಕ್ ಕೇಳಿಸಿಕೊಳ್ಳುವುದು, ಪರದೆ ಬಿಡಿಸುವುದು ಎಲ್ಲವೂ ಒಂದೇ ಯುಐ ಥ್ರೆಡ್‌ನ ಕೆಲಸ. ಅದು 5 ಸೆಕೆಂಡು ಇತ್ತ ತಿರುಗದಿದ್ದರೆ ವಿಂಡೋಸ್ ನಿಮ್ಮ ಪ್ರೋಗ್ರಾಂ ಕೈಕೊಟ್ಟಿತೆಂದೇ ತಿಳಿಯುತ್ತದೆ. ಬಟನ್‌ನ ಕ್ಲಿಕ್ ಮೆಥಡ್ಡನ್ನು ಅಸಿಂಕ್ ಮಾಡಿ. ಡೇಟಾಬೇಸ್ ಓದಿ ಲೆಕ್ಕ ಕೂಡುವ ಭಾಗವನ್ನಷ್ಟೇ ಟಾಸ್ಕ್.ರನ್ ಒಳಗಿಟ್ಟು ಅವೇಟ್ ಹಾಕಿ. ಗ್ರಿಡ್ ತುಂಬುವ ಸಾಲು ಅದರ ಕೆಳಗಿರಲಿ. ಅದು ಯುಐ ಥ್ರೆಡ್‌ನಲ್ಲೇ ಓಡುವುದರಿಂದ ಕ್ರಾಸ್-ಥ್ರೆಡ್ ಎರರ್ ಬರುವುದಿಲ್ಲ. ಎಷ್ಟು ಮುಗಿಯಿತೆಂದು ತೋರಿಸಲು ಪ್ರೋಗ್ರೆಸ್ ಕ್ಲಾಸ್ ಇದೆ. ಪ್ರತಿ ಬಿಲ್ಲಿಗೂ ಅದನ್ನು ಕರೆಯಬೇಡಿ, ನೂರಕ್ಕೊಮ್ಮೆ ಸಾಕು.

ಲೆಕ್ಕದ ನಡುನಡುವೆ ಕ್ಲಿಕ್‌ಗಳನ್ನು ಕೇಳಿಸಿಕೊಳ್ಳುವ ಡುಈವೆಂಟ್ಸ್ ಸೇರಿಸಿ ಎಂದು ಯಾರಾದರೂ ಹೇಳಿಯಾರು. ಬೇಡವೇ ಬೇಡ. ಗಲ್ಲಾದಲ್ಲಿ ಕೂತವರು ಅವಸರಕ್ಕೆ ಬಟನ್ ಇನ್ನೊಮ್ಮೆ ಒತ್ತಿದರೆ ವರದಿಯೊಳಗೇ ಇನ್ನೊಂದು ವರದಿ ಶುರುವಾಗುತ್ತದೆ. ಅವೇಟ್ ಬಳಸಿದರೂ ಈ ಅಪಾಯ ತಪ್ಪಿದ್ದಲ್ಲ. ಹಾಗಾಗಿ ಮೊದಲ ಸಾಲಲ್ಲೇ ಬಟನ್ ಡಿಸೇಬಲ್ ಮಾಡಿ, ಫೈನಲಿಯಲ್ಲಿ ಮತ್ತೆ ಎನೇಬಲ್ ಮಾಡಿ.

ಇಷ್ಟಾದರೂ ವರದಿಗೆ ಹತ್ತು ನಿಮಿಷ ಹಿಡಿದರೆ ತಪ್ಪು ಥ್ರೆಡ್‌ನದಲ್ಲ. ಕ್ವೆರಿ, ಇಂಡೆಕ್ಸ್‌ಗಳನ್ನು ಡೇಟಾಬೇಸ್ ಬಲ್ಲವರಿಗೆ ತೋರಿಸಿ.