ಸ್ಟಿರಾಯ್ಡ್ ಮಾತ್ರೆಯನ್ನು ಥಟ್ಟನೆ ಬಿಡಬೇಡಿರಿ

ಸಂಧಿವಾತ, ಉಬ್ಬಸ, ಕೆಲವು ಚರ್ಮರೋಗ ಹಾಗೂ ಮೂತ್ರಪಿಂಡದ ವ್ಯಾಧಿಗಳಿಗೆ ವೈದ್ಯರು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಮನೋಳಿಯ ಸುತ್ತಲಿನ ಹಳ್ಳಿಗಳಿಂದ ಬರುವ ಭಕ್ತರಲ್ಲಿ ಅನೇಕರು ಅದರ ಚೀಟಿಯನ್ನು ಮುಂದಿಟ್ಟು, “ಸಾಹೇಬ್ರ, ಈ ಇಂಗ್ಲಿಷ್ ಗುಳಿಗಿ ಬಿಟ್ಟು ನಿಮ್ಮ ಔಷಧ ಚಾಲೂ ಮಾಡ್ಲೇನ್ರಿ?” ಎಂದು ಕೇಳುವುದುಂಟು. ಆಯುರ್ವೇದವನ್ನೇ ನಂಬಿ ಬದುಕಿದ ನಾನು ಬೇಡವೆಂದೇ ಹೇಳುತ್ತೇನೆ. ಅದಕ್ಕೆ ಬಲವಾದ ಕಾರಣವಿದೆ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ನಿತ್ಯವೂ ಸ್ರವಿಸುತ್ತವೆ. ರಕ್ತದೊತ್ತಡ ನಿಲ್ಲುವುದಕ್ಕೂ ಜ್ವರ, ಗಾಯಗಳನ್ನು ದೇಹ ತಾಳಿಕೊಳ್ಳುವುದಕ್ಕೂ ಅದು ಬೇಕು. ಪ್ರೆಡ್ನಿಸೋಲೋನ್ ಈ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. 1948ರಲ್ಲಿ ಅಮೆರಿಕೆಯ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಇದೇ ಬಳಗದ ಕಾರ್ಟಿಸೋನನ್ನು ಸಂಧಿವಾತದ ಮಹಿಳೆಯೊಬ್ಬಳಿಗೆ ಕೊಟ್ಟಾಗ, ನಡೆಯಲಾರದಿದ್ದ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚ್ ಹಾಗೂ ಅವರ ಇಬ್ಬರು ಸಹಭಾಗಿಗಳಿಗೆ ನೊಬೆಲ್ ಪ್ರಶಸ್ತಿ ಬಂದಿತು. ಅನಿಷ್ಟ ಪರಿಣಾಮಗಳು ಬೆಳಕಿಗೆ ಬರುವುದಕ್ಕೂ ಬಹಳ ಕಾಲ ಹಿಡಿಯಲಿಲ್ಲ.

ಹಾರ್ಮೋನು ಹೊರಗಿನಿಂದ ಬರುತ್ತಿದ್ದರೆ ಗ್ರಂಥಿಗಳು ತಮ್ಮ ಕೆಲಸವನ್ನು ನಿಲ್ಲಿಸಿ ಸೊರಗುತ್ತವೆ. ಮೂರು ನಾಲ್ಕು ವಾರಗಳಿಗೆ ಮೀರಿ ಸೇವಿಸಿದವರು ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲವೆಂಬ ಸ್ಥಿತಿ ಒದಗುತ್ತದೆ. ವಾಂತಿ, ಹೊಟ್ಟೆನೋವು, ವಿಪರೀತ ನಿಶ್ಶಕ್ತಿ ಕಾಣಿಸಿಕೊಂಡು ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮಾತ್ರೆ ಬರೆದುಕೊಟ್ಟ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು. ಜ್ವರ ಬಂದ ದಿನ ಮಾತ್ರೆ ತಪ್ಪಿಸುವುದಂತೂ ಸಲ್ಲದು. ಅಂದು ದೇಹಕ್ಕೆ ಹೆಚ್ಚೇ ಬೇಕಾಗುತ್ತದೆ. ಎಷ್ಟು ಹೆಚ್ಚೆಂಬುದನ್ನು ವೈದ್ಯರಿಂದ ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿರಿ. ವಾಂತಿಯಾಗಿ ಮಾತ್ರೆ ಒಳಗೆ ನಿಲ್ಲದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ, ಸ್ಟಿರಾಯ್ಡ್ ಸೇವಿಸುತ್ತಿರುವುದನ್ನು ಮೊದಲ ಮಾತಿನಲ್ಲೇ ತಿಳಿಸಬೇಕು. ಹಲ್ಲು ಕೀಳಿಸುವಾಗಲೂ ಶಸ್ತ್ರಚಿಕಿತ್ಸೆಯ ಮುನ್ನವೂ ಈ ಮಾತನ್ನು ಮರೆಮಾಚಬಾರದು.

ಇಷ್ಟಲಿಂಗ ಪೂಜೆಯಾಗುವವರೆಗೆ ಏನನ್ನೂ ಸೇವಿಸದ ಭಕ್ತರು ಅನೇಕರಿದ್ದಾರೆ. ಈ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗಬಾರದು. ಮುಂಜಾನೆಯೇ ನುಂಗುವುದು ಮೇಲು, ಏಕೆಂದರೆ ದೇಹದ ಸ್ವಂತ ಕಾರ್ಟಿಸೋಲ್ ಹೆಚ್ಚಾಗಿರುವುದು ಬೆಳಗಿನ ಹೊತ್ತಿನಲ್ಲಿ. ಸಂಜೆ ನುಂಗಿದವರಿಗೆ ನಿದ್ರೆ ಕೆಡುತ್ತದೆ. ಪೂಜೆಯನ್ನು ಸ್ವಲ್ಪ ಬೇಗ ಮುಗಿಸಿ, ಪ್ರಸಾದ ಸ್ವೀಕರಿಸಿದೊಡನೆ ಮಾತ್ರೆ ತೆಗೆದುಕೊಂಡರೆ ನಿಯಮವೂ ಉಳಿಯುತ್ತದೆ.

ದೀರ್ಘಕಾಲದ ಸೇವನೆಯಿಂದ ಮುಖ ದುಂಡಗಾಗುವುದು ಕಣ್ಣಿಗೆ ಕಾಣುತ್ತದೆ. ಕಾಣದೆ ನಡೆಯುವುದು ಎಲುಬಿನ ಸವೆತ. ರಾಗಿ, ಎಳ್ಳು, ಹಾಲು, ಮಜ್ಜಿಗೆಗಳಿಂದ ಸುಣ್ಣಾಂಶ ದೊರೆಯುತ್ತದೆ. ಬಿಸಿಲಿನಲ್ಲಿ ನಡೆದಾಡುವುದೂ ಹಿತಕರ. ಸುಣ್ಣಾಂಶದ ಹಾಗೂ ಡಿ ಜೀವಸತ್ವದ ಮಾತ್ರೆ ಬೇಕೇ ಎಂದು ವೈದ್ಯರನ್ನು ವಿಚಾರಿಸಿರಿ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಕಡಿಮೆ ಮಾಡುವುದು ನಮ್ಮ ಭಾಗದವರಿಗೆ ಕಷ್ಟವೇ ಸರಿ, ಆದರೂ ಬಾವು ಮತ್ತು ರಕ್ತದೊತ್ತಡದ ದೃಷ್ಟಿಯಿಂದ ಅನಿವಾರ್ಯ. ಸಕ್ಕರೆ, ರಕ್ತದೊತ್ತಡಗಳನ್ನು ಆಗಾಗ, ಕಣ್ಣುಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕು. ಎರಡು ವಾರ ಬಿಡದ ಕೆಮ್ಮು ಬಂದರೆ ಕ್ಷಯದ ತಪಾಸಣೆಯಾಗಲಿ. ಈ ಔಷಧ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ.

ಗಿಡಮೂಲಿಕೆಯಾದುದರಿಂದ ಬಾಧಕವಿಲ್ಲವೆಂಬ ಭಾವನೆ ತಪ್ಪು. ಕೆಮ್ಮಿಗೆಂದು ಮನೆಮನೆಯಲ್ಲಿ ಬಳಸುವ ಜೇಷ್ಠಮಧುವು ಸ್ಟಿರಾಯ್ಡಿನೊಡನೆ ಸೇರಿದಾಗ ರಕ್ತದೊತ್ತಡವನ್ನು ಏರಿಸಿ, ಪೊಟ್ಯಾಸಿಯಂ ಅಂಶವನ್ನು ತಗ್ಗಿಸಬಲ್ಲುದು. ಇನ್ನು ಜಾತ್ರೆ, ಸಂತೆಗಳಲ್ಲಿ ಕೀಲುನೋವಿಗೆ ಮಾರುವ, ಹೆಸರೂ ಚೀಟಿಯೂ ಇಲ್ಲದ ಪುಡಿಗಳ ವಿಷಯ. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ತುಂಬಿಕೊಂಡರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಶಂಕೆ ಬಲವಾಗುತ್ತದೆ. ಅಂತಹ ಪುಡಿಯನ್ನು ಬಹುಕಾಲ ತಿಂದವರು ಹೆದರಿ ಒಮ್ಮೆಲೇ ಎಸೆದುಬಿಡುವುದೂ ಅಪಾಯವೇ. ಪೊಟ್ಟಣವನ್ನು ಜೊತೆಯಲ್ಲಿ ತೆಗೆದುಕೊಂಡು ಅಂದೇ ವೈದ್ಯರಲ್ಲಿಗೆ ಹೋಗಿರಿ.